ಕಾಗಲದಲ್ಲಿ ಕಲಿತ ನಾಮದಾರ ಗೋಖಲೆಯವರು

ಗಡಹಿಂಗ್ಲಜದಿಂದ ನಿಪ್ಪಾಣಿಯ ಮೇಲೆ ಕೊಲ್ಹಾಪುರಕ್ಕೆ ಹೋಗುವವರು ಕಾಗಲವನ್ನು ದಾಟಿಯೇ ಹೋಗಬೇಕು. ಸಂತೆ, ಆಸ್ಪತ್ರೆ, ಕಚೇರಿ ಎಂದು ನಮ್ಮ ತಾಯಿ-ತಂದೆಗಳು ಈ ಹಾದಿಯಲ್ಲಿ ಎಷ್ಟೋ ಸಲ ಓಡಾಡಿದ್ದಾರೆ. ಇಚಲಕರಂಜಿಯವರಿಗೂ ಕಾಗಲ ದೂರದ ಊರಲ್ಲ. ಮಹಾತ್ಮಾ ಗಾಂಧೀಜಿಯವರು ತಮ್ಮ ರಾಜಕೀಯ ಗುರುವೆಂದು ಒಪ್ಪಿಕೊಂಡ ಗೋಪಾಲ ಕೃಷ್ಣ ಗೋಖಲೆಯವರು ಅಕ್ಷರ ಕಲಿತದ್ದು ಇದೇ ಕಾಗಲದಲ್ಲಿ, ಮುಂದೆ ಇಂಗ್ಲಿಷ್ ಶಾಲೆ ಕಲಿತದ್ದು ಕೊಲ್ಹಾಪುರದಲ್ಲಿ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಈ ಭಾಗದ ಜನ ಅವರನ್ನು ಗೌರವದಿಂದ ನಾಮದಾರ ಗೋಖಲೆ ಎಂದು ಕರೆಯುತ್ತ ಬಂದಿದ್ದಾರೆ.

ದೊಡ್ಡವರ ಚರಿತ್ರೆಗಳಲ್ಲಿ ಅವರ ಗೆಲುವುಗಳೇ ಎದ್ದು ಕಾಣುತ್ತವೆ. ಆದರೆ ಗೋಖಲೆಯವರ ಬಾಳಿನಲ್ಲಿ ನಾವು ವಿಶೇಷವಾಗಿ ನೋಡಬೇಕಾದ ಗುಣ ಬೇರೊಂದಿದೆ. ನಿನ್ನೆ ತಾವು ಹೇಗಿದ್ದೆವು, ಏನು ಆಡಿದೆವು ಎಂಬುದನ್ನು ಅವರು ತಿರುಗಿ ನೋಡಬಲ್ಲವರಾಗಿದ್ದರು. ನಗುವಂಥದಿದ್ದರೆ ನಗುತ್ತಿದ್ದರು; ನಾಚುವಂಥದಿದ್ದರೆ ಲೋಕದ ಮುಂದೆಯೇ ನಾಚುತ್ತಿದ್ದರು. ಈ ಗುಣದಿಂದ ಒಮ್ಮೆ ಅವರ ಹೆಸರಿಗೇ ಕುತ್ತು ಬಂದಿತು. ಮುಂದೆ ಅದೇ ಗುಣ ಅವರನ್ನು ಎತ್ತರಕ್ಕೇರಿಸಿತು.

ಬಾಲ್ಯ ಮತ್ತು ಬಡತನ

ಗೋಖಲೆಯವರು ಹುಟ್ಟಿದ್ದು 1866ನೆಯ ಇಸವಿ ಮೇ 9ರಂದು, ರತ್ನಾಗಿರಿ ಜಿಲ್ಲೆಯ ಕೋತಳೂಕ ಎಂಬ ಹಳ್ಳಿಯಲ್ಲಿ. ತಂದೆ ಕೃಷ್ಣರಾಯರು ಬಡತನದಿಂದಾಗಿ ಓದನ್ನು ಅರ್ಧಕ್ಕೆ ಬಿಟ್ಟು ಕಾಗಲ ಜಹಗೀರಿನಲ್ಲಿ ಕಾರಕೂನರಾಗಿ ಸೇರಿದವರು, ಮುಂದೆ ಫೌಜದಾರರಾದರು. ತಾಯಿ ಸತ್ಯಭಾಮಾಬಾಯಿಯವರು ಓದು ಬರಹ ಬಾರದಿದ್ದರೂ ಭಕ್ತಿವಂತರು, ಸಂತರ ಅಭಂಗಗಳನ್ನು ಬಲ್ಲವರು. ಗೋಪಾಲ ಮತ್ತು ಅವನ ಅಣ್ಣ ಗೋವಿಂದ ಇಬ್ಬರೂ ಕಾಗಲದಲ್ಲಿ ಪ್ರಾಥಮಿಕ ಶಿಕ್ಷಣ ಮುಗಿಸಿ ಕೊಲ್ಹಾಪುರಕ್ಕೆ ಓದಲು ಹೋದರು.

1879ರಲ್ಲಿ ತಂದೆ ತೀರಿಕೊಂಡಾಗ ಗೋಪಾಲನಿಗೆ ಹದಿಮೂರು ವರ್ಷ, ಅಣ್ಣನಿಗೆ ಹದಿನೆಂಟು. ಅಣ್ಣ ತನ್ನ ಓದಿಗೆ ಶರಣು ಹೊಡೆದು ಕಾಗಲದಲ್ಲಿಯೇ ತಿಂಗಳಿಗೆ ಹದಿನೈದು ರೂಪಾಯಿಯ ನೌಕರಿ ಹಿಡಿದನು. ಆ ಹದಿನೈದರಲ್ಲಿ ಎಂಟು ರೂಪಾಯಿ ಕೊಲ್ಹಾಪುರದಲ್ಲಿದ್ದ ತಮ್ಮನಿಗೆ; ಉಳಿದ ಏಳರಲ್ಲಿ ಇಡೀ ಮನೆಯ ಸಂಸಾರ. ತನ್ನ ಮಗನಿಗೋ ತಮ್ಮನಿಗೋ ಫೀ ತುಂಬಲು ಮಗ್ಗದ ಮುಂದೆ ರಾತ್ರಿ ಪಾಳಿ ಮಾಡುವ ಇಚಲಕರಂಜಿಯ ತಂದೆ-ಅಣ್ಣಂದಿರಿಗೆ ಈ ಲೆಕ್ಕದ ಭಾರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ದಿನಗಳ ಒಂದು ಪ್ರಸಂಗವನ್ನು ಹೇಳುತ್ತಾರೆ. ಗೆಳೆಯನೊಬ್ಬನು ಗೋಪಾಲನನ್ನು ನಾಟಕಕ್ಕೆ ಬಾ ಎಂದು ಕರೆದನಂತೆ. ಕರೆದವನೇ ತೋರಿಸುತ್ತಾನೆಂದು ನಂಬಿ ಇವನು ಸಂತೋಷದಿಂದ ಹೋಗಿ ನಾಟಕ ನೋಡಿ ಬಂದನು. ಕೆಲವು ದಿನಗಳಾದ ಮೇಲೆ ಆ ಗೆಳೆಯ ತಿಕೀಟಿನ ಎರಡಾಣೆ ಕೇಳಿದನು. ಗೋಪಾಲನಿಗೆ ಎದೆ ಧಸಕ್ಕೆಂದಿತು. ಆದರೂ ಜಗಳವಾಡದೆ ಎರಡಾಣೆ ಕೊಟ್ಟುಬಿಟ್ಟನು. ಅಣ್ಣ ಕಳಿಸಿದ ಹಣದಲ್ಲಿ ಬಿದ್ದ ಈ ತೂತನ್ನು ಮುಚ್ಚುವುದಕ್ಕೆ ದೀಪದ ಎಣ್ಣೆ ಕೊಳ್ಳುವುದನ್ನು ಬಿಟ್ಟು ಬೀದಿಯ ಕಂದೀಲಿನ ಬೆಳಕಿನಲ್ಲಿ ಓದಿದನು. ಒಂದು ನಾಟಕಕ್ಕೆ ಇಷ್ಟು ದಿನಗಳ ದಂಡ ಎಂದು ಇಂದು ನಾವು ನಗಬಹುದು. ಆ ಹುಡುಗನ ಸಂಕೋಚವನ್ನು ನೆನೆದರೆ ಮರುಕವೂ ಹುಟ್ಟುತ್ತದೆ.

ಇನ್ನೊಂದು ಪ್ರಸಂಗ ಬಹಳ ಪ್ರಸಿದ್ಧವಾದದ್ದು. ಮಾಸ್ತರರು ಮನೆಯಲ್ಲಿ ಬಿಡಿಸಲು ಕೊಟ್ಟ ಲೆಕ್ಕಗಳನ್ನು ವರ್ಗದಲ್ಲಿ ಗೋಪಾಲನೊಬ್ಬನೇ ಸರಿಯಾಗಿ ಬಿಡಿಸಿ ತಂದಿದ್ದನು. ಮಾಸ್ತರರು ಹೊಗಳಿ ಅವನನ್ನು ಮೊದಲನೆಯ ಸ್ಥಾನದಲ್ಲಿ ಕೂಡಿಸಿದರು. ಹುಡುಗ ಬಿಕ್ಕಿ ಬಿಕ್ಕಿ ಅಳತೊಡಗಿದನು. ಯಾಕೆಂದು ಕೇಳಲಾಗಿ, ಒಂದು ಲೆಕ್ಕವನ್ನು ತಾನು ಬೇರೆಯವರಿಂದ ಹೇಳಿಸಿಕೊಂಡು ಬಿಡಿಸಿದ್ದಾಗಿಯೂ, ಈ ಸ್ಥಾನಕ್ಕೆ ತಾನು ಅರ್ಹನಲ್ಲವೆಂದೂ ತಿಳಿಸಿದನು. ಅವನನ್ನು ಯಾರೂ ಹಿಡಿದಿರಲಿಲ್ಲ, ಹಿಡಿಯುವ ಸಂಭವವೂ ಇರಲಿಲ್ಲ. ಇದು ಚಿಕ್ಕ ಹುಡುಗನ ಕಥೆಯೆಂದು ಬಿಟ್ಟುಬಿಡಬಾರದು. ಇದೇ ಪ್ರಸಂಗ ಹೆಚ್ಚು ಕಡಮೆ ಇದೇ ರೂಪದಲ್ಲಿ ಅವರ ಮೂವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ನಡೆಯಿತು. ಆಗ ವರ್ಗದ ಬದಲು ಎರಡು ದೇಶಗಳು ನೋಡುತ್ತಿದ್ದವು.

ಗಟ್ಟಿಸುವ ವಿದ್ಯಾರ್ಥಿ

1881ರಲ್ಲಿ ಗೋಪಾಲನು ಮ್ಯಾಟ್ರಿಕ್ ಪಾಸಾದನು. ಕೊಲ್ಹಾಪುರದ ರಾಜಾರಾಮ ಕಾಲೇಜು ಆಗಿನ್ನೂ ಹೊಸದು, 1880ರಲ್ಲಿ ಆರಂಭವಾದದ್ದು. (ಮುಂದೆ ನಮ್ಮ ಸದಲಗಾದ ಡಾ. ಆ. ನೇ. ಉಪಾಧ್ಯೆಯವರು ಅರ್ಧಮಾಗಧಿಯನ್ನು ಕಲಿಸಿದ್ದು, ವಿ. ಕೃ. ಗೋಕಾಕರು ಪ್ರಾಚಾರ್ಯರಾಗಿದ್ದುದು ಇದೇ ಕಾಲೇಜಿನಲ್ಲಿ.) ತನ್ನ ಭಾರವನ್ನು ಅಣ್ಣನ ಮೇಲೆ ಇನ್ನೆಷ್ಟು ಹೊರಿಸಲಿ ಎಂದು ಗೋಪಾಲನು ನೌಕರಿಗೆ ಸೇರಲು ಸಿದ್ಧನಾಗಿದ್ದನು. ಅಣ್ಣ ಒಪ್ಪಲಿಲ್ಲ, ಅತ್ತಿಗೆ ತನ್ನ ಮೈಮೇಲಿನ ಒಡವೆಗಳನ್ನು ಮಾರಲು ಮುಂದೆ ಬಂದಳು. ಹೀಗೆ ರಾಜಾರಾಮ ಕಾಲೇಜು, ಪುಣೆಯ ಡೆಕ್ಕನ್ ಕಾಲೇಜು, ಕೊನೆಗೆ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜು ಎಂದು ಓದಿ 1884ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಬಿ.ಎ. ಪದವಿ ಪಡೆದರು.

ವಿದ್ಯಾರ್ಥಿಯಾಗಿ ಅವರು ಗಟ್ಟಿಸುವುದರಲ್ಲಿ ಎತ್ತಿದ ಕೈ. ಪಠ್ಯವಾಗಿದ್ದ ಇಂಗ್ಲಿಷ್ ಪದ್ಯ ಗದ್ಯಗಳನ್ನು ಪುಟಗಟ್ಟಲೆ ಬಾಯಿಪಾಠ ಮಾಡುತ್ತಿದ್ದರು. ಬುದ್ಧಿವಂತರೆನಿಸಿಕೊಂಡವರಿಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಆದರೆ ಹೀಗೆ ಬಾಯಿಪಾಠ ಮಾಡಿದ ಇಂಗ್ಲಿಷ್ ಅವರ ನಾಲಗೆಗೆ ಒಗ್ಗಿಹೋಯಿತು. ಪದವಿಯ ನಂತರ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ ಕೆಲವೇ ದಿನಗಳಲ್ಲಿ ಬಿಟ್ಟರು. ಕಾಯದೆ ಓದಬೇಕೆಂದರು, ಅದೂ ಪೂರ್ಣವಾಗಲಿಲ್ಲ. ಕೊನೆಗೆ 1885ರಲ್ಲಿ ಪುಣೆಯ ನ್ಯೂ ಇಂಗ್ಲಿಷ್ ಸ್ಕೂಲಿನಲ್ಲಿ ತಿಂಗಳಿಗೆ ಮೂವತ್ತೈದು ರೂಪಾಯಿಗೆ ಶಿಕ್ಷಕರಾದರು. ಮುಂದೆ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ, ಇಂಗ್ಲಿಷ್, ಇತಿಹಾಸ ಎಂದು ಯಾವ ವಿಷಯ ಕೊಟ್ಟರೂ ಕಲಿಸುತ್ತಿದ್ದರು. ಅವರು ಬರೆದ ಅಂಕಗಣಿತದ ಪುಸ್ತಕ ದೇಶದ ಅನೇಕ ಶಾಲೆಗಳಲ್ಲಿ ಬಹುಕಾಲ ಪಠ್ಯವಾಗಿತ್ತು. ಒಂದು ಲೆಕ್ಕಕ್ಕಾಗಿ ಅತ್ತ ಹುಡುಗ ಸಾವಿರಾರು ಹುಡುಗರಿಗೆ ಲೆಕ್ಕ ಕಲಿಸಿದನು!

ಸಾರ್ವಜನಿಕ ಜೀವನದ ಪಾಠವನ್ನು ಅವರಿಗೆ ಕಲಿಸಿದವರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು. ರಾನಡೆಯವರೂ ಬಾಲ್ಯದಲ್ಲಿ ಕೊಲ್ಹಾಪುರದಲ್ಲಿ ಓದಿದವರೇ. ಹಲವು ವರ್ಷ ಗೋಖಲೆಯವರು ಸರಕಾರಿ ವರದಿಗಳನ್ನೂ ಅಂಕಿಸಂಖ್ಯೆಗಳನ್ನೂ ಓದಿ, ಟಿಪ್ಪಣಿ ಬರೆದು ಗುರುಗಳ ಮುಂದೆ ಇಡುತ್ತಿದ್ದರು. ಗುರುಗಳು ತಿದ್ದುತ್ತಿದ್ದರು, ಮತ್ತೆ ಬರೆಯಿಸುತ್ತಿದ್ದರು. ಬಹಳ ಕಷ್ಟಪಟ್ಟು ಬರೆದದ್ದಕ್ಕೂ ಇದು ನಡೆದೀತು ಎಂಬಷ್ಟೇ ಪ್ರಶಂಸೆ. ಆದರೂ ಶಿಷ್ಯನಿಗೆ ಬೇಸರವಾಗಲಿಲ್ಲ.

1897ರ ವರ್ಷ

1897ರಲ್ಲಿ ಭಾರತದ ಆಯ-ವ್ಯಯವನ್ನು ವಿಚಾರಿಸುತ್ತಿದ್ದ ವೆಲ್ಬಿ ಆಯೋಗದ ಮುಂದೆ ಸಾಕ್ಷ್ಯ ಹೇಳಲು ಗೋಖಲೆಯವರು ಮೊದಲ ಸಲ ಇಂಗ್ಲೆಂಡಿಗೆ ಹೋದರು. ಪ್ರಯಾಣದಲ್ಲಿ ಫ್ರಾನ್ಸಿನ ಕ್ಯಾಲೆ ಎಂಬಲ್ಲಿ ಬಿದ್ದು ಎದೆಗೆ ಪೆಟ್ಟು ಮಾಡಿಕೊಂಡರು. ಜೊತೆಗಾರರಿಗೆ ತೊಂದರೆಯೇಕೆಂದು ಸಂಕೋಚಪಟ್ಟು ಕೆಲವು ದಿನ ಆ ನೋವನ್ನು ಯಾರಿಗೂ ಹೇಳಲೇ ಇಲ್ಲ. ಕೊನೆಗೆ ಹಾಸಿಗೆ ಹಿಡಿಯಬೇಕಾಯಿತು. ಎರಡಾಣೆಯ ಹುಡುಗ ಇನ್ನೂ ಅವರೊಳಗೆ ಇದ್ದನು! ಅಷ್ಟಾದರೂ ಆಯೋಗದ ಮುಂದೆ ಅವರು ಕೊಟ್ಟ ಸಾಕ್ಷ್ಯ ಎಲ್ಲರ ಮೆಚ್ಚಿಕೆ ಗಳಿಸಿತು.

ಇತ್ತ ಪುಣೆಯಲ್ಲಿ ಪ್ಲೇಗು ಹಬ್ಬಿತ್ತು. ರೋಗಿಗಳನ್ನು ಹುಡುಕಲು ರ‍್ಯಾಂಡ್ ಎಂಬ ಅಧಿಕಾರಿಯ ಕೈಕೆಳಗೆ ಗೋರಾ ಸಿಪಾಯಿಗಳು ಮನೆ ಮನೆಗೆ ನುಗ್ಗುತ್ತಿದ್ದರು. ಸಾಮಾನು ಬೀದಿಗೆ ಬೀಳುತ್ತಿತ್ತು. ದೇವರ ಮನೆ, ಅಡಿಗೆಮನೆ ಎಂಬ ಭೇದವಿರಲಿಲ್ಲ. ಜನ ಕುದಿಯುತ್ತಿದ್ದರು. ಜೂನ್ 22ರ ರಾತ್ರಿ ಚಾಫೇಕರ ಸಹೋದರರು ರ‍್ಯಾಂಡನ ಮೇಲೆ ಗುಂಡು ಹಾರಿಸಿದರು. ಇದೇ ಹೊತ್ತಿಗೆ ಪುಣೆಯ ಸ್ನೇಹಿತರಿಂದ ಗೋಖಲೆಯವರಿಗೆ ಪತ್ರಗಳು ಬಂದವು. ಸಿಪಾಯಿಗಳು ಇಬ್ಬರು ಹೆಂಗಸರ ಮಾನಭಂಗ ಮಾಡಿದರೆಂದೂ, ಅವರಲ್ಲೊಬ್ಬಳು ಪ್ರಾಣ ಕಳೆದುಕೊಂಡಳೆಂದೂ ಅವುಗಳಲ್ಲಿತ್ತು. ಬರೆದವರು ನಂಬಿಕೆಯ ಜನ. ಗೋಖಲೆಯವರಿಗೆ ರಕ್ತ ಕುದಿಯಿತು. ಪಾರ್ಲಿಮೆಂಟಿನ ಕೆಲ ಸದಸ್ಯರ ಮುಂದೆಯೂ, ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯಲ್ಲಿಯೂ ಈ ಸಂಗತಿಯನ್ನು ಹೇಳಿಬಿಟ್ಟರು.

ಇಂಗ್ಲೆಂಡಿನಲ್ಲಿ ಗದ್ದಲವೆದ್ದಿತು. ಮುಂಬಯಿಯ ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಅವರ ಸರಕಾರ ಇದು ಕಟ್ಟುಕಥೆ ಎಂದಿತು, ಪುರಾವೆ ಕೇಳಿತು. ಗೋಖಲೆಯವರು ಜುಲೈ ಕೊನೆಯಲ್ಲಿ ಮುಂಬಯಿಗೆ ಬಂದು ಇಳಿದರು. ಕೆಲವೇ ದಿನಗಳ ಹಿಂದೆ ಲೋಕಮಾನ್ಯ ತಿಳಕರನ್ನು ರಾಜದ್ರೋಹದ ಆಪಾದನೆಯ ಮೇಲೆ ಹಿಡಿದಿದ್ದರು. ಊರೆಲ್ಲ ಭಯ. ಗೋಖಲೆಯವರು ವಿಚಾರಿಸಿದರು. ಪತ್ರ ಬರೆದವರು ಕೇಳಿದ್ದನ್ನು ಬರೆದಿದ್ದರೇ ಹೊರತು ಮುಂದೆ ಬಂದು ಸಾಕ್ಷಿ ಹೇಳುವವರು ಯಾರೂ ಸಿಗಲಿಲ್ಲ. ತಾವು ಹೊರಿಸಿದ ಆ ಆಪಾದನೆ ರುಜುವಾತಾಗುವಂತಿರಲಿಲ್ಲ.

ಈಗ ಅವರ ಮುಂದೆ ಹಲವು ಹಾದಿಗಳಿದ್ದವು. ಸುಮ್ಮನಿರಬಹುದಿತ್ತು. ಬರೆದವರ ಹೆಸರು ಹೇಳಿ ತಾವು ಪಾರಾಗಬಹುದಿತ್ತು. ಸಿಪಾಯಿಗಳ ದಬ್ಬಾಳಿಕೆ ಹೇಗೂ ನಿಜವೇ ಆಗಿದ್ದುದರಿಂದ, ಒಂದು ಮಾತು ಹೆಚ್ಚಾಯಿತಷ್ಟೆ ಎಂದು ವಾದಿಸಬಹುದಿತ್ತು. ಅವರು ಇದಾವುದನ್ನೂ ಮಾಡಲಿಲ್ಲ. ಸ್ನೇಹಿತರ ಹೆಸರನ್ನು ಹೊರಗೆಡಹಲಿಲ್ಲ. ಗವರ್ನರರ ಕ್ಷಮೆಯನ್ನೂ, ಪ್ಲೇಗು ಸಮಿತಿಯವರ ಕ್ಷಮೆಯನ್ನೂ, ಆ ಸಿಪಾಯಿಗಳ ಕ್ಷಮೆಯನ್ನೂ ಯಾವ ಷರತ್ತೂ ಇಲ್ಲದೆ ಬೇಡಿ ಪತ್ರಿಕೆಗಳಲ್ಲಿ ಪ್ರಕಟಿಸಿದರು. ಪೂರ್ತಿ ದೋಷವನ್ನು ತಮ್ಮೊಬ್ಬರ ತಲೆಯ ಮೇಲೆ ಹೊತ್ತುಕೊಂಡರು.

ಜನ ಅವರನ್ನು ಕ್ಷಮಿಸಲಿಲ್ಲ. ಆಳುವವರ ಮುಂದೆ ತಲೆ ಬಾಗಿಸಿದ ಹೇಡಿ ಎಂದು ನಮ್ಮವರೇ ಜರೆದರು. ಸುಳ್ಳುಗಾರನೆಂದು ಇಂಗ್ಲಿಷರು ಜರೆದರು. ಕ್ಷಮೆ ಕೇಳಿದ್ದು ಅತಿಯಾಯಿತೆಂದು ಸ್ನೇಹಿತರಿಗೂ ಅನಿಸಿತು. ಆ ವರ್ಷದ ಡಿಸೆಂಬರದಲ್ಲಿ ಅಮರಾವತಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅವರ ಮೇಲಿನ ಅಸಮಾಧಾನ ಎಷ್ಟಿತ್ತೆಂದರೆ ವೇದಿಕೆಯ ಮೇಲೆ ಅವರು ಮಾತಾಡದಿರುವುದೇ ಒಳಿತೆಂದಾಯಿತು. ಕೆಲವು ತಿಂಗಳ ಹಿಂದೆ ಹೊಗಳಿಸಿಕೊಂಡ ಮನುಷ್ಯ ಅಲ್ಲಿ ಮೂಕನಾಗಿ ಕೂಡಬೇಕಾಯಿತು.

ಅಮರಾವತಿಯಿಂದ ತಿರುಗಿ ಬರುವಾಗ ಗೋಖಲೆಯವರೂ ರಾನಡೆಯವರೂ ರೈಲಿನ ಒಂದೇ ಡಬ್ಬಿಯಲ್ಲಿದ್ದರು. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಗೋಖಲೆಯವರಿಗೆ ಎಚ್ಚರವಾಯಿತು. ನೋಡಿದರೆ ಗುರುಗಳು ಎದ್ದು ಕುಳಿತು ಮೈಮರೆತು ತುಕಾರಾಮರ ಅಭಂಗಗಳನ್ನು ಹಾಡುತ್ತಿದ್ದಾರೆ! ಸ್ವರ ಇಂಪಾಗಿರಲಿಲ್ಲ; ಭಾವ ಮಾತ್ರ ತುಂಬಿತ್ತು. ನೊಂದವರನ್ನು ತನ್ನವರೆನ್ನುವವನೇ ಸಂತನೆಂಬ ಅರ್ಥದ ಅಭಂಗ ಅದು. ಗೋಖಲೆಯವರೂ ಎದ್ದು ಕುಳಿತು ಆಲಿಸಿದರು. ಬಹಳ ವರ್ಷಗಳ ಮೇಲೂ ಅವರು ಈ ಪ್ರಸಂಗವನ್ನು ನೆನೆಯುತ್ತಿದ್ದರು. ಪೆಟ್ಟು ತಿಂದ ಮನಸ್ಸಿಗೆ ಆ ಬೆಳಗು ಮುಲಾಮಾಗಿರಬೇಕೆಂದು ನಾವು ಊಹಿಸಬಹುದು.

ಮತ್ತೆ ಎದ್ದು ನಿಂತದ್ದು

ಗೋಖಲೆಯವರು ಮನೆ ಹಿಡಿದು ಕೂಡಲಿಲ್ಲ. ಪ್ಲೇಗು ಮತ್ತೆ ಬಂದಾಗ ಸ್ವಯಂಸೇವಕರಾಗಿ ರೋಗಿಗಳ ನಡುವೆ ದುಡಿದರು. 1899ರಲ್ಲಿ ಮುಂಬಯಿ ಶಾಸನಸಭೆಗೂ, 1902ರಲ್ಲಿ ಕಲಕತ್ತೆಯ ಕೇಂದ್ರ ಶಾಸನಸಭೆಗೂ ಆರಿಸಿ ಬಂದರು. ಅಲ್ಲಿ ಅವರ ಮಾತಿಗೆ ಬಂದ ತೂಕವನ್ನು ನೋಡಬೇಕು. ಪ್ರತಿ ಅಂಕಿಯನ್ನೂ ಒರೆಗೆ ಹಚ್ಚಿ ನೋಡಿದ ಹೊರತು ಬಾಯಿ ಬಿಡುತ್ತಿರಲಿಲ್ಲ. ಮುಖ್ಯಾಧ್ಯಾಪಕರಾಗಿದ್ದ ಗಣೇಶ ವ್ಯಂಕಟೇಶ ಜೋಶಿಯವರು ಅಂಕಿಗಳನ್ನು ಹೊಂದಿಸಿಕೊಡುವುದರಲ್ಲಿ ಅವರಿಗೆ ಬಲಗೈಯಂತಿದ್ದರು. ಕೇಳಿದ ಮಾತನ್ನು ನಂಬಿ ಒಮ್ಮೆ ಬೆಂದ ಮನುಷ್ಯ ಇಷ್ಟು ಎಚ್ಚರ ವಹಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬಡವರ ಉಪ್ಪಿನ ಮೇಲಿನ ತೆರಿಗೆಯ ವಿರುದ್ಧ ಅವರು ವರ್ಷ ವರ್ಷವೂ ಹೋರಾಡಿದರು. ಮಣಕ್ಕೆ ಎರಡೂವರೆ ರೂಪಾಯಿ ಇದ್ದ ಆ ತೆರಿಗೆ 1907ರ ಹೊತ್ತಿಗೆ ಒಂದು ರೂಪಾಯಿಗೆ ಇಳಿಯಿತು. 1905ರಲ್ಲಿ ಅವರು ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಅದೇ ವರ್ಷ, ಒಮ್ಮೆ ಅವರನ್ನು ಮಾತಾಡಗೊಡದ ಕಾಂಗ್ರೆಸ್ಸೇ ಕಾಶಿಯ ಅಧಿವೇಶನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ.

ಪ್ರತಿಯೊಂದು ಮಗುವಿಗೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಿ ಸಿಗಬೇಕೆಂದು 1911ರಲ್ಲಿ ಅವರು ಮಸೂದೆಯೊಂದನ್ನು ಮಂಡಿಸಿದರು. 1912ರ ಮಾರ್ಚದಲ್ಲಿ ಅದು 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಆದರೆ ವಿಚಾರ ಸಾಯಲಿಲ್ಲ. ಗೋಪಾಲನು ಬೀದಿದೀಪದಲ್ಲಿ ಓದಿದ ಅದೇ ಕೊಲ್ಹಾಪುರ ಸಂಸ್ಥಾನದಲ್ಲಿ ರಾಜರ್ಷಿ ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿ ಮಾಡಿದರು. ಇಡೀ ದೇಶಕ್ಕೆ ಅಂಥ ಹಕ್ಕಿನ ಕಾಯದೆ ಬಂದದ್ದು 2009ರಲ್ಲಿ.

ಗುರು-ಶಿಷ್ಯರ ನಗು

1912ರಲ್ಲಿ ಗೋಖಲೆಯವರು ದಕ್ಷಿಣ ಆಫ್ರಿಕೆಗೆ ಗಾಂಧೀಜಿಯವರಲ್ಲಿಗೆ ಹೋದರು. ಜೋಹಾನ್ಸ್‌ಬರ್ಗಿನಲ್ಲಿ ಒಂದು ಔತಣ. ರಾನಡೆಯವರು ಕೊಟ್ಟಿದ್ದ ಉಪರಣೆಯನ್ನು ಗೋಖಲೆಯವರು ಅಂದು ಹೊದೆಯಬೇಕೆಂದಿದ್ದರು. ಅದು ಮಡಿಕೆ ಬಿದ್ದಿತ್ತು. ಅಗಸರಿಗೆ ಕೊಡಲು ಸಮಯವಿರಲಿಲ್ಲ. ತಾವೇ ಇಸ್ತ್ರಿ ಮಾಡುವುದಾಗಿ ಗಾಂಧೀಜಿ ಹೇಳಿದರು. ವಕೀಲನೆಂದು ನಿಮ್ಮನ್ನು ನಂಬಬಹುದು, ಅಗಸನೆಂದು ನಂಬುವುದು ಹೇಗೆ ಎಂಬ ಅರ್ಥದಲ್ಲಿ ಗುರುಗಳು ಹಾಸ್ಯ ಮಾಡಿದರು. ಗಾಂಧೀಜಿ ಬಿಡಲಿಲ್ಲ, ಇಸ್ತ್ರಿ ಮಾಡಿ ಶಹಭಾಸ್ ಎನಿಸಿಕೊಂಡರು. ಇದನ್ನು ಬರೆಯುವಲ್ಲಿಯೇ ಗಾಂಧೀಜಿ ತಮ್ಮ ಹಳೆಯ ಫಜೀತಿಯೊಂದನ್ನೂ ಬರೆದಿದ್ದಾರೆ. ತಾವೇ ಮೊದಲ ಸಲ ಒಗೆದ ಕಾಲರಿಗೆ ಗಂಜಿ ಹೆಚ್ಚಾಗಿ, ಕೋರ್ಟಿನಲ್ಲಿ ಅದು ಉದುರತೊಡಗಿ, ಜೊತೆಯ ವಕೀಲರೆಲ್ಲ ನಕ್ಕಿದ್ದರಂತೆ!

ಗಾಂಧೀಜಿಯವರ ಹಿಂದ್ ಸ್ವರಾಜ್ ಎಂಬ ಪುಸ್ತಕ ಗೋಖಲೆಯವರಿಗೆ ಹಿಡಿಸಿರಲಿಲ್ಲ. ಅವಸರದಲ್ಲಿ ಬರೆದ ಹಸಿ ಬರಹ ಅದು, ಭಾರತದಲ್ಲಿ ಒಂದು ವರ್ಷ ಇದ್ದರೆ ಗಾಂಧಿಯವರೇ ಅದನ್ನು ನಾಶಮಾಡಿಯಾರು ಎಂದು ಅವರು ನುಡಿದಿದ್ದರು. ಭವಿಷ್ಯ ಸುಳ್ಳಾಯಿತು, ಗಾಂಧೀಜಿ ಕೊನೆಯವರೆಗೂ ಆ ಪುಸ್ತಕವನ್ನು ಕೈಬಿಡಲಿಲ್ಲ. ಹಿಂದಿನದನ್ನು ತಿರುಗಿ ನೋಡುವುದೆಂದರೆ ಎಲ್ಲವನ್ನೂ ಅಳಿಸಿಹಾಕುವುದಲ್ಲ. ಕೆಲವನ್ನು ಒಪ್ಪಿ ಬಿಡಬೇಕು. ಕೆಲವನ್ನು ತೂಗಿ ನೋಡಿ ಉಳಿಸಿಕೊಳ್ಳಬೇಕು. ಇದರಲ್ಲಿ ಗುರು-ಶಿಷ್ಯರು ಇಬ್ಬರೂ ಸಮರ್ಥರು.

1915ರ ಫೆಬ್ರುವರಿ 19ರಂದು, ಇನ್ನೂ ನಲವತ್ತೊಂಬತ್ತು ತುಂಬದಿರುವಾಗಲೇ, ಗೋಖಲೆಯವರು ಪುಣೆಯಲ್ಲಿ ತೀರಿಕೊಂಡರು. ಜೀವನವಿಡೀ ಅವರನ್ನು ವಿರೋಧಿಸಿದ ತಿಳಕರು ಸಿಂಹಗಡದಿಂದ ಧಾವಿಸಿ ಬಂದು ಸ್ಮಶಾನದಲ್ಲಿ ಅವರ ಗುಣಗಾನ ಮಾಡಿದರು. ನಮ್ಮ ಕನ್ನಡದ ಡಿ.ವಿ.ಜಿ.ಯವರು ಗೋಖಲೆಯವರ ಚರಿತ್ರೆಯನ್ನು ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನಿಂದಲೇ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು.

ವಿದ್ಯಾರ್ಥಿ ಮಿತ್ರರೇ, ಮಗ್ಗದಲ್ಲಿ ಒಂದು ಎಳೆ ಹರಿದದ್ದು ಕಂಡರೆ ನೇಕಾರನು ಮಗ್ಗ ನಿಲ್ಲಿಸಿ ಎಳೆ ಕಟ್ಟಿ ಮುಂದುವರಿಯುತ್ತಾನೆ. ಕಂಡೂ ಕಾಣದಂತೆ ಬಿಟ್ಟರೆ ಥಾನಿನ ಕೊನೆಯವರೆಗೂ ಆ ದೋಷ ಓಡುತ್ತದೆ. ನಿಲ್ಲಿಸಿದ ಹೊತ್ತು ನಷ್ಟವೆಂದು ಯಾವ ಜಾಣ ನೇಕಾರನೂ ಎಣಿಸುವುದಿಲ್ಲ. ಗೋಖಲೆಯವರು 1897ರಲ್ಲಿ ಮಾಡಿದ್ದು ಇದನ್ನೇ. ಪಾಲಕರಲ್ಲಿಯೂ ನಮ್ಮದೊಂದು ವಿನಂತಿ. ಮಗು ತಾನಾಗಿ ಬಂದು ತಪ್ಪನ್ನು ಒಪ್ಪಿಕೊಂಡ ದಿನ ಅದನ್ನು ಹೊಡೆಯಬೇಡಿರಿ, ನಾಲ್ಕು ಜನರ ಮುಂದೆ ಹಂಗಿಸಲೂ ಬೇಡಿರಿ. ನಿಜ ಹೇಳಿದ್ದಕ್ಕೆ ಪೆಟ್ಟು ತಿಂದ ಮಗು ಮುಂದಿನ ಸಲ ನಿಜ ಹೇಳಲಿಕ್ಕಿಲ್ಲ. ಕಾಗಲದ ಒಂದು ಸಣ್ಣ ಮನೆಯಲ್ಲಿ ಬೆಳೆದ ಗೋಪಾಲನಂಥ ಮಕ್ಕಳು ನಮ್ಮ ಊರುಗಳ ಮನೆಗಳಲ್ಲಿ ಇಂದಿಗೂ ಇದ್ದಾರೆ. ಅವರ ಅಳುವಿಗೆ ಕಾರಣವೇನೆಂದು ಕೇಳುವ ತಾಳ್ಮೆ ನಮಗಿರಲಿ.